ಗುರುತಿಲ್ಲದವರಿಗೆ ರಕ್ತ ಕೊಟ್ಟರೆ ಜೀನ್‌ಗೇನು ಲಾಭ?

ರಕ್ತಗುಂಪು ಓ (ದಾವಣಗೆರೆ):
ನಮ್ಮೂರಲ್ಲಿ ಆಸ್ಪತ್ರೆ ಜಾಸ್ತಿ. ಜಗಳೂರು, ಹರಪನಹಳ್ಳಿ, ಹೊಳಲ್ಕೆರೆ ಕಡೆಯಿಂದೆಲ್ಲ ರೋಗಿಗಳು ಬರುತ್ತಾರೆ. ಹಾಗಾಗಿ ‘ಅರ್ಜೆಂಟ್ ರಕ್ತ ಬೇಕು’ ಅನ್ನುವ ಮೆಸೇಜಿಗೆ ಬರ ಇಲ್ಲ. ನಾನು ಅಂಥದ್ದೇ ಒಂದು ವಾಟ್ಸಾಪ್ ಗುಂಪು ನೋಡಿಕೊಳ್ಳುತ್ತೇನೆ. ರಾತ್ರಿ ಹನ್ನೊಂದಕ್ಕೆ ಮೆಸೇಜ್ ಹಾಕಿದರೆ ಹರಿಹರದಿಂದ ಯಾರೋ ಹುಡುಗ ಬೈಕಲ್ಲಿ ಬರುತ್ತಾನೆ. ರಕ್ತ ಕೊಡುತ್ತಾನೆ, ಜ್ಯೂಸ್ ಪ್ಯಾಕೆಟ್ ಜೇಬಿಗೆ ಹಾಕಿಕೊಳ್ಳುತ್ತಾನೆ, ಹೋಗುತ್ತಾನೆ. ರೋಗಿ ಹೆಸರೂ ಕೇಳುವುದಿಲ್ಲ.

ಮೊನ್ನೆ ಗುಂಪಿನಲ್ಲಿ ಎಂಎಸ್ಸಿ ಓದಿದ ಒಬ್ಬ ಬರೆದ: ‘ಇದೆಲ್ಲ ಕೊನೆಗೆ ಜೀನ್‌ಗಳ ಸ್ವಾರ್ಥ, ಒಳ್ಳೆಯತನ ಅನ್ನೋದು ನಾವು ಕೊಟ್ಟುಕೊಂಡ ಬಣ್ಣ.’ ಅಷ್ಟೇ, ಗುಂಪಿನಲ್ಲಿ ಜಗಳ ಶುರು. ನಂಗೆ ಎರಡು ಪ್ರಶ್ನೆ ಇದೆ. ಡಾರ್ವಿನ್ ಹೇಳಿದ ಹಾಗೆ ಪೈಪೋಟಿಯಲ್ಲಿ ಗೆದ್ದವರೇ ಉಳಿಯುವುದಾದರೆ, ತಾನು ಕಳೆದುಕೊಂಡು ಬೇರೆಯವರಿಗೆ ಕೊಡುವ ಗುಣ ಯಾವತ್ತೋ ಅಳಿಸಿಹೋಗಬೇಕಿತ್ತಲ್ವಾ? ಎರಡನೇದು, ಅದಕ್ಕೊಂದು ವಿವರಣೆ ಸಿಕ್ಕಿಬಿಟ್ಟರೆ ಆ ಹುಡುಗ ಮಾಡಿದ್ದರ ಬೆಲೆ ಕಡಿಮೆ ಆಗುತ್ತಾ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಮಿರ್ಚಿ ಮಂಡಕ್ಕಿ:
ಹರಿಹರದ ಹುಡುಗ ರಾತ್ರಿ ಹನ್ನೊಂದಕ್ಕೆ ಬಂದಿದ್ದಾನೆ ಅಂದ್ರೆ ಡ್ಯೂಟಿಯಲ್ಲಿ ಯಾರಿದ್ದರು ಅಂತ ಮೊದಲು ನೋಡಬೇಕು ಗುರು 😄

ನೈಟ್ ಡ್ಯೂಟಿ ಸಿಸ್ಟರ್:
@ಮಿರ್ಚಿ ಡ್ಯೂಟಿಯಲ್ಲಿ ಇರುವುದು ನನ್ನಂಥವರು. ಐವತ್ತು ದಾಟಿದೆ, ಮೊಣಕಾಲು ನೋವು ಬೇರೆ. ಬೇರೆ ಕಾರಣ ಹುಡುಕಪ್ಪ.

ಮಾರಿಕಣಿವೆ ಮೇಷ್ಟ್ರು:
ಒಳ್ಳೆ ಪ್ರಶ್ನೆ. ಪಿಯುಸಿಗೆ ಜೀವಶಾಸ್ತ್ರ ಹೇಳಿಕೊಡುವವನು ನಾನು, ಸ್ವಲ್ಪ ಉದ್ದ ಆದರೆ ಬೈಯಬೇಡಿ.

ಈ ತಲೆನೋವು ಡಾರ್ವಿನ್‌ಗೇ ಇತ್ತು. 1859ರಲ್ಲೇ ಬಂಜೆ ಇರುವೆಗಳು ಅವನನ್ನು ಕಾಡಿದ್ದವು. ಕೆಲಸಗಾರ ಇರುವೆ ಮರಿ ಹಾಕುವುದೇ ಇಲ್ಲ, ದುಡಿದು ಸಾಯುತ್ತದೆ. ಹಾಗಿದ್ದರೆ ಆ ಗುಣ ಮುಂದಿನ ತಲೆಮಾರಿಗೆ ಹೋಗುವುದು ಹೇಗೆ? ಉತ್ತರ ಕುಟುಂಬದ ಮಟ್ಟದಲ್ಲಿದೆ ಅಂತ ಅವನಿಗೆ ಅನ್ನಿಸಿತ್ತು. ಆದರೆ ಆಗ ಜೀನ್ ಅನ್ನುವುದೇ ಗೊತ್ತಿರಲಿಲ್ಲವಲ್ಲ, ಲೆಕ್ಕ ಕೂಡಿಸಲು ಆಗಲಿಲ್ಲ.

ಲೆಕ್ಕ ಕೂಡಿಸಿದ್ದು 1964ರಲ್ಲಿ, ಬ್ರಿಟನ್ನಿನ ಜೀವವಿಜ್ಞಾನಿ ವಿಲಿಯಂ ಹ್ಯಾಮಿಲ್ಟನ್. ನನ್ನಲ್ಲಿರುವ ಒಂದು ಜೀನ್ ನನ್ನ ತಮ್ಮನಲ್ಲೂ ಇರುವ ಸಾಧ್ಯತೆ ಅರ್ಧ. ಚಿಕ್ಕಪ್ಪನ ಮಗನಲ್ಲಾದರೆ ಎಂಟರಲ್ಲಿ ಒಂದು. ನನಗಾಗುವ ನಷ್ಟಕ್ಕಿಂತ, ಅವರಿಗಾಗುವ ಲಾಭವನ್ನು ಈ ಪಾಲಿನಿಂದ ಗುಣಿಸಿದ್ದು ಜಾಸ್ತಿ ಇದ್ದರೆ ಸಹಾಯದ ಗುಣ ಹರಡುತ್ತದೆ. ಇದೇ ಮಾತನ್ನು ಜೀವವಿಜ್ಞಾನಿ ಹಾಲ್ಡೇನ್ ಅದಕ್ಕೂ ಮೊದಲೇ ತಮಾಷೆಯಾಗಿ ಹೇಳಿದ್ದ ಅಂತ ಪ್ರತೀತಿ. ಇಬ್ಬರು ತಮ್ಮಂದಿರಿಗೋ ಎಂಟು ಜನ ಕಸಿನ್‌ಗಳಿಗೋ ಆದರೆ ಪ್ರಾಣ ಕೊಡುತ್ತೇನೆ ಅಂತ. (ಆ ಹಾಲ್ಡೇನ್ 1957ರಲ್ಲಿ ಇಂಗ್ಲೆಂಡ್ ಬಿಟ್ಟು ಕಲ್ಕತ್ತಕ್ಕೆ ಬಂದವನು. ಭಾರತದ ಪೌರನೇ ಆಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ. ನಮ್ಮ ಹುಡುಗರಿಗೆ ಇದು ಗೊತ್ತೇ ಇರುವುದಿಲ್ಲ.)

ದುರ್ಗದ ಕಲ್ಲು:
ಮೇಷ್ಟ್ರೇ, ತಮ್ಮನಿಗೆ ಕಿಡ್ನಿ ಕೊಟ್ಟ ಕಥೆಗೆ ಇದು ಸರಿ. ಹರಿಹರದ ಹುಡುಗನಿಗೂ ಜಗಳೂರಿನ ರೋಗಿಗೂ ಯಾವ ನೆಂಟಸ್ತನ? ಕೇಳಿದ ಪ್ರಶ್ನೆ ಒಂದು, ಬಂದ ಉತ್ತರ ಇನ್ನೊಂದು.

ಧಾರವಾಡ ರಿಟರ್ನ್:
ಹುಳಗಳಲ್ಲೂ ನೆಂಟಸ್ತನ ಒಂದರಿಂದಲೇ ಕೆಲಸ ನಡೆಯುವುದಿಲ್ಲ. ಮನೆ ಸೂರಿನ ಕೆಳಗೆ, ಕಿಟಕಿ ಮೂಲೆಯಲ್ಲಿ ಕಾಗದದಂಥ ಗೂಡು ಕಟ್ಟುವ ಕಣಜ ನೋಡಿರುತ್ತೀರಿ. ಅವುಗಳಲ್ಲೇ ಒಂದು ಜಾತಿಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್‌ಕರ್ ದಶಕಗಳ ಕಾಲ ನೋಡಿದ್ದಾರೆ. ಅದರಲ್ಲಿ ರಾಣಿಗೂ ಕೆಲಸದವಳಿಗೂ ನೋಡಲು ವ್ಯತ್ಯಾಸ ಇಲ್ಲ. ಕೆಲಸದವಳು ಬೇಕಾದರೆ ಬೇರೆ ಹೋಗಿ ಸ್ವಂತ ಗೂಡು ಕಟ್ಟಿ ಮೊಟ್ಟೆ ಇಡಬಹುದು. ಆದರೂ ಬಹಳಷ್ಟು ಹೋಗುವುದಿಲ್ಲ. ರಾಣಿ ಹಲವು ಗಂಡುಗಳ ಜೊತೆ ಕೂಡುತ್ತಾಳೆ, ರಾಣಿಯರು ಬದಲಾಗುತ್ತಲೂ ಇರುತ್ತಾರೆ. ಹಾಗಾಗಿ ಸಾಕುತ್ತಿರುವ ಮರಿಗಳು ಅಷ್ಟೇನೂ ಹತ್ತಿರದ ನೆಂಟರಲ್ಲ.

ಮತ್ತೆ ಯಾಕೆ ನಿಲ್ಲುತ್ತವೆ? ಒಂಟಿಯಾಗಿ ಗೂಡು ಕಟ್ಟಿದವಳು ಮರಿ ಬೆಳೆಯುವ ಮೊದಲೇ ಸತ್ತರೆ ಪಟ್ಟ ಶ್ರಮವೆಲ್ಲ ಹೋಯಿತು. ಗುಂಪಿನಲ್ಲಿದ್ದು ಅರ್ಧ ಕೆಲಸ ಮಾಡಿ ಸತ್ತರೆ ಉಳಿದದ್ದನ್ನು ಇನ್ನೊಬ್ಬಳು ಮುಗಿಸುತ್ತಾಳೆ. ಜೊತೆಗೆ ಇವತ್ತಲ್ಲ ನಾಳೆ ತಾನೇ ರಾಣಿ ಆಗುವ ಸಾಧ್ಯತೆ. ರಾಣಿಯನ್ನು ತೆಗೆದರೆ ಉತ್ತರಾಧಿಕಾರಿ ಕೂಡಲೇ ಎದ್ದು ನಿಲ್ಲುತ್ತಾಳೆ, ಮಿಕ್ಕವು ಅವಳನ್ನು ಸುಮ್ನೆ ಒಪ್ಪಿಕೊಳ್ಳುತ್ತವೆ.

ಮಿರ್ಚಿ ಮಂಡಕ್ಕಿ:
ಉತ್ತರಾಧಿಕಾರಿನ ಸುಮ್ನೆ ಒಪ್ಪಿಕೊಳ್ತಾವಾ? ನಮ್ಮ ಪಾರ್ಟಿಗಳವರನ್ನ ಆ ಗೂಡಿಗೆ ಟ್ರೈನಿಂಗಿಗೆ ಕಳಿಸಬೇಕು.

ನಿರ್ವಾಹಕ:
ರಾಜಕೀಯ ಬೇಡ ಪ್ಲೀಸ್. ಹೋದ ವಾರವೇ ಸಾಕಾಗಿದೆ.

ಲೆಕ್ಕದ ಹುಡುಗಿ:
ಕಲ್ಲು ಅವರ ತಕರಾರು ಸರಿ ಇದೆ. ನೆಂಟರಲ್ಲದವರ ಲೆಕ್ಕ ಬೇರೆ. ರಾಬರ್ಟ್ ಟ್ರಿವರ್ಸ್ 1971ರಲ್ಲಿ ಅದನ್ನು ಬರೆದ. ಇವತ್ತು ನಾನು ನಿನಗೆ, ನಾಳೆ ನೀನು ನನಗೆ. ಮತ್ತೆ ಮತ್ತೆ ಎದುರಾಗುವವರಾಗಿರಬೇಕು, ಯಾರು ಯಾರು ಅಂತ ಗುರುತು ಇರಬೇಕು, ಕೊಡುವವರಿಗೆ ಖರ್ಚು ಕಡಿಮೆ ಮತ್ತು ಪಡೆಯುವವರಿಗೆ ಲಾಭ ದೊಡ್ಡದಿರಬೇಕು.

ರಕ್ತದ ಗುಂಪಿಗೆ ಸರಿಯಾದ ಉದಾಹರಣೆಯೂ ಇದೆ, ರಕ್ತ ಹೀರುವ ಬಾವಲಿ 🦇 ಜೆರಾಲ್ಡ್ ವಿಲ್ಕಿನ್ಸನ್ ಕೋಸ್ಟರಿಕದಲ್ಲಿ ಇವನ್ನು ನೋಡಿ 1984ರಲ್ಲಿ ಬರೆದ. ಸತತ ಎರಡು ಮೂರು ರಾತ್ರಿ ರಕ್ತ ಸಿಗದಿದ್ದರೆ ಬಾವಲಿ ಸಾಯುತ್ತದೆ. ಹೊಟ್ಟೆ ತುಂಬಿದ್ದು ಹಸಿದಿದ್ದಕ್ಕೆ ಕಕ್ಕಿ ಕುಡಿಸುತ್ತದೆ. ಮುಂದೆ ಜೆರಾಲ್ಡ್ ಕಾರ್ಟರ್ ಜೊತೆ ಸೇರಿ 2013ರಲ್ಲಿ ತೋರಿಸಿದ್ದು ಇನ್ನೂ ಚೆನ್ನಾಗಿದೆ. ಯಾರಿಗೆ ಕುಡಿಸುತ್ತದೆ ಅನ್ನುವುದಕ್ಕೆ ನೆಂಟಸ್ತನಕ್ಕಿಂತ ಹಿಂದೆ ತನಗೆ ಕುಡಿಸಿತ್ತಾ ಅನ್ನುವುದೇ ಮುಖ್ಯ. ಹೊಸಬರ ಜೊತೆ ಮೊದಲು ಮೈ ನೆಕ್ಕಿ ಸ್ನೇಹ, ಆಮೇಲೆ ರಕ್ತ.

ನೈಟ್ ಡ್ಯೂಟಿ ಸಿಸ್ಟರ್:
ಕಕ್ಕಿ ಕುಡಿಸೋದಾ! ನಮ್ಮಲ್ಲಿ 350 ಎಂಎಲ್ ಬ್ಯಾಗೇ ಇರಲಿ ತಾಯಿ.

ಜಗಳೂರು ಅಕ್ಕ:
ಇಷ್ಟಕ್ಕೆ ಬಾವಲಿ ತನಕ ಯಾಕೆ ಹೋಗಬೇಕು? ನಮ್ಮ ಕಡೆ ಮುಯ್ಯಿ ಇಲ್ಲವಾ? ಮದುವೆ ಮನೆಯಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಾರೆ. ಯಾರು, ಯಾವ ಊರು, ಎಷ್ಟು ಅಂತ ಬರೆದುಕೊಳ್ಳುತ್ತಾರೆ. ನಮ್ಮತ್ತೆ ಆ ಪುಸ್ತಕವನ್ನು ಟ್ರಂಕಿನಲ್ಲಿ ಸೀರೆ ಕೆಳಗೆ ಇಟ್ಟಿರುತ್ತಿದ್ದರು. ಯಾರದಾದರೂ ಲಗ್ನಪತ್ರಿಕೆ ಬಂದರೆ ಸಾಕು, ಪುಸ್ತಕ ಆಚೆ ಬರುತ್ತಿತ್ತು. ‘ಅವರು ನಮ್ಮ ದೊಡ್ಡವನ ಮದುವೆಗೆ ಇಷ್ಟು ಮಾಡಿದ್ದಾರೆ, ಅದಕ್ಕಿಂತ ಕಡಿಮೆ ಮಾಡಿದರೆ ಮುಖ ಎತ್ತಿ ತಿರುಗೋ ಹಾಗಿಲ್ಲ’ ಅನ್ನುತ್ತಿದ್ದರು. ಶೇಂಗಾ ಕೀಳುವಾಗಲೂ ಹಾಗೇ. ಮುಯ್ಯಾಳು ಬಂದ ಮನೆಗೆ ನಾವೂ ಆಳು ಕಳಿಸಲೇಬೇಕು. ಕಳಿಸದಿದ್ದರೆ ಮುಂದಿನ ವರ್ಷ ನಮ್ಮ ಹೊಲಕ್ಕೆ ಯಾರೂ ಬರುವುದಿಲ್ಲ.

ಆದರೆ ಒಂದು ಹೇಳುತ್ತೇನೆ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಅಂತ ಅಕ್ಕಪಕ್ಕದವರು ಅನ್ನ ಸಾರು ಮಾಡಿಕೊಂಡು ಹೋಗುತ್ತಾರಲ್ಲ, ಅದನ್ನು ಯಾವ ಮನೆಯಲ್ಲೂ ಬರೆದಿಡುವುದನ್ನು ನಾನು ನೋಡಿಲ್ಲ. ನಮ್ಮತ್ತೆಯಂಥ ಲೆಕ್ಕದ ಹೆಂಗಸೂ ಬರೆಯಲಿಲ್ಲ.

ರಕ್ತಗುಂಪು ಓ:
ಅಕ್ಕಾ, ಇದು ಸಖತ್ ಪಾಯಿಂಟ್. ಲೆಕ್ಕ ಇಡುವ ಕೊಡುಗೆ ಬೇರೆ, ಇಡದ ಕೊಡುಗೆ ಬೇರೆ.

ಲೆಕ್ಕದ ಹುಡುಗಿ:
ಅಕ್ಕಾ, ಬರೆಯದಿದ್ದರೂ ಊರಿಗೆ ಗೊತ್ತಿರುತ್ತದೆ ಅಲ್ವಾ? ಯಾರು ಅನ್ನ ತಂದರು, ಯಾರು ಬಾಗಿಲು ಹಾಕಿಕೊಂಡರು ಅಂತ. ಇದನ್ನೂ ಲೆಕ್ಕದಲ್ಲಿ ತಂದಿದ್ದಾರೆ. ನಾನು ಕೊಟ್ಟವನೇ ನನಗೆ ವಾಪಸ್ ಕೊಡಬೇಕು ಅಂತಿಲ್ಲ. ನೋಡಿದ ಮೂರನೆಯವನು ನನ್ನ ಹೆಸರು ಕೇಳಿ ಕೊಡುತ್ತಾನೆ. ಮಾರ್ಟಿನ್ ನೊವಾಕ್ ಮತ್ತು ಕಾರ್ಲ್ ಸಿಗ್ಮಂಡ್ 1998ರಲ್ಲಿ ಇದರ ಮಾದರಿ ಕೊಟ್ಟರು. ಮನುಷ್ಯರಿಗೆ ಮಾತು ಇದೆ, ಚಾಡಿ ಇದೆ. ಹಾಗಾಗಿ ಹೆಸರು ಕಾಲಿಗಿಂತ ಬೇಗ ಓಡುತ್ತದೆ.

ಜಗಳೂರು ಅಕ್ಕ:
ನೀನು ಮದುವೆ ಆಗಿ ಬಂದಮೇಲೆ ಒಂದು ಸಾವಿನ ಮನೆಗೆ ಹೋಗಿ ನೋಡು ಪುಟ್ಟಿ, ಆಮೇಲೆ ಲೆಕ್ಕ ಹೇಳು. ಬೇಜಾರಾಗಬೇಡ.

ದುರ್ಗದ ಕಲ್ಲು:
ಹೆಸರು ಅಂದ್ರಲ್ಲ, ಈಗ ಮಾತು ಸರಿಯಾದ ದಾರಿಗೆ ಬಂತು. ಯಾವುದೋ ನಾಯಕರ ಹುಟ್ಟುಹಬ್ಬಕ್ಕೆ ರಕ್ತದಾನ ಶಿಬಿರ. ಫ್ಲೆಕ್ಸ್‌ನಲ್ಲಿ ಕೊಡುವವರ ಫೋಟೋ ಪಾಸ್‌ಪೋರ್ಟ್ ಸೈಜು, ನಾಯಕರದು ಆಳೆತ್ತರ. ಒಬ್ಬ ಸೂಜಿ ಚುಚ್ಚುವ ಮೊದಲೇ ಸೆಲ್ಫಿ ತಗೊಂಡು, ಬಿಪಿ ಜಾಸ್ತಿ ಇದೆ ಅಂತ ವಾಪಸ್ ಕಳಿಸಿದರೂ ಸ್ಟೇಟಸ್ ಹಾಕಿದ. ಇದು ಪರೋಪಕಾರನಾ ಜಾಹೀರಾತಾ?

ಧಾರವಾಡ ರಿಟರ್ನ್:
ಜಾಹೀರಾತೇ ಅನ್ನುವ ಸಿದ್ಧಾಂತವೂ ಇದೆ. ಅಮೋಟ್ಜ್ ಜಹಾವಿ 1975ರಲ್ಲಿ ಹೇಳಿದ. ‘ನಾನು ಇಷ್ಟು ಕಳೆದುಕೊಂಡರೂ ನಿಲ್ಲಬಲ್ಲೆ’ ಅಂತ ತೋರಿಸುವುದೇ ಗಟ್ಟಿತನದ ಗುರುತು, ಯಾಕಂದ್ರೆ ಕೈಲಾಗದವನು ಆ ಖರ್ಚು ತಡೆದುಕೊಳ್ಳಲಾರ. ಅವನು ನೋಡುತ್ತಿದ್ದದ್ದು ಇಸ್ರೇಲಿನ ಮರುಭೂಮಿಯ ಒಂದು ಬ್ಯಾಬ್ಲರ್ ಹಕ್ಕಿ, ನಮ್ಮ ಹರಟೆಮಲ್ಲನ ನೆಂಟ. ಗುಂಪಿನ ಕಾವಲಿಗೆ ಮರದ ತುದಿಯಲ್ಲಿ ಕೂರಲು ಅವು ಪೈಪೋಟಿ ಮಾಡುತ್ತವೆ ಅಂತ ಅವನ ವಾದ. ಎಲ್ಲರೂ ಒಪ್ಪಿಲ್ಲ.

ಚಳ್ಳಕೆರೆ ಎಣ್ಣೆಗಾಣ:
ಕಾಗೆ ಬಿಟ್ಟಿರಾ? ಒಂದಗುಳು ಕಂಡರೂ ಬಳಗ ಕರೆಯುತ್ತದೆ. ಪಕ್ಷಿಗಿರೋ ಬುದ್ಧಿ ಮನುಷ್ಯನಿಗಿಲ್ಲ.

ಧಾರವಾಡ ರಿಟರ್ನ್:
@ಎಣ್ಣೆಗಾಣ ನಿಮ್ಮ ಖುಷಿ ಹಾಳು ಮಾಡುತ್ತೇನೆ, ಕ್ಷಮಿಸಿ. ಕಾಗೆಯ ದೊಡ್ಡಣ್ಣ ರೇವನ್ ಇದೆಯಲ್ಲ, ಅದನ್ನು ಬರ್ಂಡ್ ಹೈನ್‌ರಿಚ್ ಅಮೆರಿಕದ ಮೇನ್ ಕಾಡಿನಲ್ಲಿ ಚಳಿಗಾಲವೆಲ್ಲ ಕೂತು ನೋಡಿದ. ಸತ್ತ ಪ್ರಾಣಿ ಸಿಕ್ಕರೆ ಎಳೆಯ ರೇವನ್‌ಗಳು ಕೂಗಿ ಕೂಗಿ ಗುಂಪು ಸೇರಿಸುತ್ತವೆ. ಕಾರಣ ಏನಂದ್ರೆ ಆ ಜಾಗ ಒಂದು ದೊಡ್ಡ ಜೋಡಿಯ ಹಿಡಿತದಲ್ಲಿರುತ್ತದೆ. ಒಂಟಿಯಾಗಿ ಹೋದರೆ ಅವು ಓಡಿಸುತ್ತವೆ. ಗುಂಪಾಗಿ ಹೋದರೆ ಓಡಿಸಲು ಆಗುವುದಿಲ್ಲ. ಕರೆದವನಿಗೂ ಊಟ, ಬಂದವರಿಗೂ ಊಟ.

ಚಳ್ಳಕೆರೆ ಎಣ್ಣೆಗಾಣ:
ಅದು ಅಮೆರಿಕದ ಕಾಗೆ. ನಮ್ಮದು ಬೇರೆ.

ಮಿರ್ಚಿ ಮಂಡಕ್ಕಿ:
😂😂 ಥ್ರೆಡ್ ಇಲ್ಲಿಗೇ ಮುಗಿಸಬಹುದು

ನೈಟ್ ಡ್ಯೂಟಿ ಸಿಸ್ಟರ್:
ಸೆಲ್ಫಿ ಹಾಕುವವರನ್ನು ಅಷ್ಟು ಹೀಯಾಳಿಸಬೇಡಿ. ಆ ಸ್ಟೇಟಸ್ ನೋಡಿ ಇನ್ನಿಬ್ಬರು ಬರುತ್ತಾರೆ. ಬ್ಯಾಗಿನಲ್ಲಿರುವ ರಕ್ತಕ್ಕೆ ಉದ್ದೇಶದ ಚೀಟಿ ಅಂಟಿಸುವುದಿಲ್ಲ ನಾವು. ಗುಂಪು, ದಿನಾಂಕ, ಟೆಸ್ಟ್ ಅಷ್ಟೇ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ದುಡ್ಡಿಗೆ ರಕ್ತ ಮಾರುವವರು ಇದ್ದರು. ಆಸ್ಪತ್ರೆ ಗೇಟಿನ ಹತ್ತಿರವೇ ನಿಂತಿರುತ್ತಿದ್ದರು. ಮೈಯಲ್ಲಿ ರಕ್ತವೇ ಇಲ್ಲದವರು, ಮೊನ್ನೆ ಕೊಟ್ಟವರು ಇವತ್ತು ಮತ್ತೆ ಬೇರೆ ಹೆಸರು ಹೇಳಿಕೊಂಡು ಬರುವುದು, ಕುಡಿತಕ್ಕೆ ದುಡ್ಡು ಬೇಕು ಅಂತ ಬರುವುದು. ಕಾಯಿಲೆ ಇದ್ದರೂ ಮುಚ್ಚಿಡುತ್ತಿದ್ದರು, ಹೇಳಿದರೆ ದುಡ್ಡು ಸಿಗುವುದಿಲ್ಲವಲ್ಲ. ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ಕೊಟ್ಟಮೇಲೆ 1998ರ ಜನವರಿ 1ರಿಂದ ಅದು ನಿಂತಿತು. ಆಗ ‘ದುಡ್ಡು ಕೊಡದೆ ಯಾರು ಕೊಡ್ತಾರೆ’ ಅಂತ ಬಹಳ ಜನ ಹೇಳಿದ್ದರು. ಕೊಡುತ್ತಿದ್ದಾರಲ್ಲ. ಸಾಲುವುದಿಲ್ಲ, ಬೇಸಿಗೆಯಲ್ಲಿ ಕಷ್ಟ ಆಗುತ್ತದೆ. ಆದರೂ ಕೊಡುತ್ತಾರೆ.

ಹಾಗೇ ಒಂದು ಮಾತು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ತೂಕ 45 ಕೆಜಿಗೆ ಕಡಿಮೆ ಇರಬಾರದು, ಹಿಮೋಗ್ಲೋಬಿನ್ 12.5 ಇರಬೇಕು. ಇಷ್ಟು ಓದಿದವರು ಸುಮ್ನೆ ವಾದ ಮಾಡಿ ಹೋಗಬೇಡಿ.

ಲೆಕ್ಕದ ಹುಡುಗಿ:
ಸಿಸ್ಟರ್ ಹೇಳಿದ್ದಕ್ಕೆ ಪುರಾವೆ ಇದೆ. ರಿಚರ್ಡ್ ಟಿಟ್‌ಮಸ್ ಅನ್ನುವವನು 1970ರಲ್ಲೇ ಬ್ರಿಟನ್ ಮತ್ತು ಅಮೆರಿಕ ಹೋಲಿಸಿ, ದುಡ್ಡು ಕೊಟ್ಟರೆ ರಕ್ತದ ಗುಣಮಟ್ಟವೂ ಇಳಿಯುತ್ತದೆ, ಕೊಡುವ ಮನಸ್ಸೂ ಇಳಿಯುತ್ತದೆ ಅಂತ ವಾದಿಸಿದ್ದ. ಸ್ವೀಡನ್‌ನಲ್ಲಿ 2008ರಲ್ಲಿ ಪ್ರಯೋಗ ಮಾಡಿದಾಗ, ದುಡ್ಡು ಕೊಡುತ್ತೇವೆ ಅಂದ ಕೂಡಲೇ ಹೆಂಗಸರಲ್ಲಿ ಮುಂದೆ ಬರುವವರು ಕಡಿಮೆ ಆದರು. ಆ ದುಡ್ಡನ್ನು ಧರ್ಮಕ್ಕೆ ಕೊಡಬಹುದು ಅಂದಾಗ ಮತ್ತೆ ಬಂದರು. ಗಂಡಸರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಅಂದ್ರೆ ಒಳಗೆ ಏನೋ ಒಂದು ಇದೆ, ಅದಕ್ಕೆ ಬೆಲೆ ಕಟ್ಟಿದರೆ ಮುದುಡಿಕೊಳ್ಳುತ್ತದೆ. ಇನ್ನೂ ಚಿಕ್ಕ ಮಕ್ಕಳಲ್ಲೂ ಹಾಗೇ. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಸೆಲ್ಲೊ 2006ರಲ್ಲಿ ಒಂದೂವರೆ ವರ್ಷದ ಮಕ್ಕಳ ಮುಂದೆ ಬಟ್ಟೆ ಕ್ಲಿಪ್ ಬೀಳಿಸಿ ಎಟುಕದವರ ಹಾಗೆ ನಟಿಸಿದರು. ಬಹಳಷ್ಟು ಮಕ್ಕಳು ಎದ್ದು ಬಂದು ಎತ್ತಿಕೊಟ್ಟವು. ಯಾರೂ ಹೇಳಿರಲಿಲ್ಲ. 2008ರಲ್ಲಿ ಅವರೇ ಇನ್ನೊಂದು ನೋಡಿದರು. ಎತ್ತಿಕೊಟ್ಟಿದ್ದಕ್ಕೆ ಆಟಿಕೆ ಬಹುಮಾನ ಕೊಟ್ಟ ಮಕ್ಕಳು ಆಮೇಲೆ ಬಹುಮಾನ ಇಲ್ಲದಾಗ ಕಡಿಮೆ ಸಹಾಯ ಮಾಡಿದವು.

ಜಗಳೂರು ಅಕ್ಕ:
ನನ್ನ ಮೊಮ್ಮಗಳು ಎತ್ತಿಕೊಡುತ್ತಾಳೆ. ವಾಪಸ್ ಕಸಿದುಕೊಂಡೂ ಹೋಗುತ್ತಾಳೆ. ಎರಡೂ ಒಂದೇ ನಿಮಿಷದಲ್ಲಿ.

ದುರ್ಗದ ಕಲ್ಲು:
ಮಕ್ಕಳ ಪ್ರಯೋಗಗಳನ್ನು ಬಹಳ ನಂಬಬೇಡಿ. ಆರು ತಿಂಗಳ, ಹತ್ತು ತಿಂಗಳ ಕೂಸುಗಳೂ ಒಳ್ಳೆಯವರ ಪಕ್ಷ ಅಂತ 2007ರಲ್ಲಿ ಯೇಲ್‌ನವರು ದೊಡ್ಡ ಸುದ್ದಿ ಮಾಡಿದ್ದರು. ಗುಡ್ಡ ಹತ್ತುವ ಗೊಂಬೆಗೆ ನೆರವಾದ ಗೊಂಬೆಯನ್ನೇ ಆರಿಸಿಕೊಳ್ಳುತ್ತವೆ ಅಂತ. ಆಮೇಲೆ ಬೇರೆ ಬೇರೆ ದೇಶಗಳ ಲ್ಯಾಬ್‌ಗಳು ಸೇರಿ ದೊಡ್ಡದಾಗಿ ಮಾಡಿ ನೋಡಿದಾಗ ಅದು ಕಾಣಲಿಲ್ಲ. ಆ ವರದಿ 2024ರಲ್ಲಿ ಬಂತು. ಟೀ ದುಡ್ಡಿನ ಡಬ್ಬಿ ಮೇಲೆ ಕಣ್ಣಿನ ಚಿತ್ರ ಅಂಟಿಸಿದರೆ ಜನ ಜಾಸ್ತಿ ದುಡ್ಡು ಹಾಕುತ್ತಾರೆ ಅಂತ ನ್ಯೂಕ್ಯಾಸಲ್‌ನವರು 2006ರಲ್ಲಿ ಹೇಳಿದ್ದೂ ಅಷ್ಟೇ, ಆಮೇಲೆ ಮಾಡಿದವರಲ್ಲಿ ಕೆಲವರಿಗೆ ಬಂತು, ಕೆಲವರಿಗೆ ಬರಲಿಲ್ಲ.

ಬೀಡಾ ಅಂಗಡಿ ಕಟ್ಟೆ:
ನಮ್ಮ ಬೀದಿಯಲ್ಲಿ ಕಣ್ಣಿನ ಚಿತ್ರ ಅಲ್ಲ, ದೇವರ ಟೈಲ್ಸೇ ಗೋಡೆಗೆ ಅಂಟಿಸಿದ್ದಾರೆ. ಮೂತ್ರ ಮಾಡುವವರು ಎರಡಡಿ ಪಕ್ಕಕ್ಕೆ ಸರಿದಿದ್ದಾರೆ.

ರಕ್ತಗುಂಪು ಓ:
ಎಲ್ಲರಿಗೂ ಥ್ಯಾಂಕ್ಸ್. ಎರಡನೇ ಪ್ರಶ್ನೆ ಹಾಗೇ ಉಳಿದಿದೆ. ನೆಂಟಸ್ತನ, ಮುಯ್ಯಿ, ಹೆಸರು, ಜಾಹೀರಾತು, ಎಲ್ಲ ಸೇರಿಸಿದರೆ ಎಂಎಸ್ಸಿಯವನು ಹೇಳಿದ್ದೇ ಸರಿ ಅಂತಾಯ್ತಲ್ಲ? ಎಲ್ಲದರ ಅಡಿಯಲ್ಲೂ ಲಾಭ.

ಮಾರಿಕಣಿವೆ ಮೇಷ್ಟ್ರು:
ಇಲ್ಲಿ ಎರಡು ಬೇರೆ ‘ಯಾಕೆ’ ಕಲಸಿಹೋಗಿವೆ. ಬೆಣ್ಣೆ ದೋಸೆ ತಿನ್ನುತ್ತೀರಿ. ಯಾಕೆ? ರುಚಿ ಅಂತ. ಕೊಬ್ಬು ಯಾಕೆ ರುಚಿ? ಕೊಬ್ಬು ಸಿಗುವುದು ಅಪರೂಪವಾಗಿದ್ದ ಕಾಲದಲ್ಲಿ ಅದನ್ನು ಇಷ್ಟಪಟ್ಟವರು ಉಳಿದರು, ನಾವು ಅವರ ಮಕ್ಕಳು. ಹಾಗಂತ ನೀವು ತಟ್ಟೆ ಮುಂದೆ ಕೂತು ಕ್ಯಾಲೊರಿ ಶೇಖರಣೆ ಮಾಡುತ್ತಿದ್ದೀರಾ? ರುಚಿ ಸುಳ್ಳಾ? ಇಲ್ಲ. ಆ ಹುಡುಗನಿಗೆ ಮೆಸೇಜ್ ನೋಡಿ ‘ಅಯ್ಯೋ ಪಾಪ’ ಅನ್ನಿಸಿತು. ಆ ಅನಿಸಿಕೆ ಮನುಷ್ಯರಲ್ಲಿ ಯಾಕೆ ಉಳಿದುಕೊಂಡು ಬಂತು ಅನ್ನುವುದಕ್ಕೆ ವಿಕಾಸ ಉತ್ತರ ಹೇಳುತ್ತದೆ. ಅವನ ಮನಸ್ಸಿನಲ್ಲಿ ಏನಿತ್ತು ಅನ್ನುವುದಕ್ಕಲ್ಲ. ಜೀನ್‌ಗೆ ಮನಸ್ಸಿಲ್ಲ, ಅದಕ್ಕೆ ಸ್ವಾರ್ಥ ಪಡಲು ಬರುವುದೇ ಇಲ್ಲ. ಉಳಿದದ್ದು ಉಳಿಯಿತು, ಅಷ್ಟೇ. ನಿಮ್ಮ ಎಂಎಸ್ಸಿ ಹುಡುಗ ಈ ಎರಡನ್ನೂ ಒಂದೇ ಮಾಡಿ ಮಾತಾಡಿದ್ದಾನೆ. ಬಹಳ ಜನ ಓದಿದವರೂ ಹಾಗೇ ಮಾತಾಡುತ್ತಾರೆ.

ಮಿರ್ಚಿ ಮಂಡಕ್ಕಿ:
ಮೇಷ್ಟ್ರೇ ದೋಸೆ ಯಾವ ಹೋಟೆಲ್ಲು? ಈ ಪ್ರಶ್ನೆ ಮುಖ್ಯ.

ಮಾರಿಕಣಿವೆ ಮೇಷ್ಟ್ರು:
ಅದನ್ನು ಇಲ್ಲಿ ಹೇಳಿದರೆ ಎರಡನೇ ಥ್ರೆಡ್ ಬೇಕಾಗುತ್ತದೆ.

ಧಾರವಾಡ ರಿಟರ್ನ್:
ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸಬೇಕು. ಉಳಿದದ್ದೆಲ್ಲ ಒಳ್ಳೆಯದೂ ಅಲ್ಲ. ಜಪಾನಿನ ಯುಕಿಮಾರು ಸುಗಿಯಾಮಾ 1960ರ ದಶಕದಲ್ಲಿ ಧಾರವಾಡದ ಸುತ್ತಲಿನ ಕಾಡಿನಲ್ಲೇ ಮುಸಿಯಗಳನ್ನು ನೋಡಿದ. ಹೊರಗಿನ ಗಂಡು ಬಂದು ಗುಂಪಿನ ಯಜಮಾನನನ್ನು ಓಡಿಸುತ್ತದೆ. ಆಮೇಲೆ ಎದೆಹಾಲು ಕುಡಿಯುವ ಮರಿಗಳನ್ನು ಕಚ್ಚಿ ಸಾಯಿಸುತ್ತದೆ. ತಾಯಂದಿರು ಬೇಗ ಮತ್ತೆ ಬೆದೆಗೆ ಬರುತ್ತಾರೆ, ಹೊಸ ಗಂಡಿನ ಮರಿ ಹುಟ್ಟುತ್ತವೆ. ಮೊದಮೊದಲು ಇದನ್ನು ಬಹಳ ಜನ ನಂಬಲಿಲ್ಲ. ರೋಗ, ಗದ್ದಲ ಅಂದರು. ಆಮೇಲೆ ಸಾರಾ ಹರ್ಡಿ ಮೌಂಟ್ ಅಬುವಿನಲ್ಲಿ ನೋಡಿ, ಇದು ಗಂಡಿನ ಸಂತಾನದ ಲೆಕ್ಕವೇ ಅಂತ ವಾದಿಸಿದಳು. ತಾಯಂದಿರು ಸುಮ್ನೆ ಕೂರುವುದಿಲ್ಲ, ಮರಿ ಉಳಿಸಿಕೊಳ್ಳಲು ಹೋರಾಡುತ್ತವೆ, ಅಜ್ಜಿ ಮುಸಿಯಗಳೂ ಮುಂದೆ ಬಂದು ಬೀಳುತ್ತವೆ.

ಹಾಗಾದರೆ ಪ್ರಕೃತಿಯಲ್ಲಿದೆ ಅಂತ ಮರಿ ಕೊಲ್ಲುವುದು ಸರೀನಾ? ಪ್ರಕೃತಿಯಲ್ಲಿದೆ ಅಂತ ಸಹಾಯ ಮಾಡುವುದು ಸರಿ ಅಂದರೆ ಇದನ್ನೂ ಒಪ್ಪಬೇಕಾಗುತ್ತದೆ. ಡಾರ್ವಿನ್‌ನ ಗೆಳೆಯ ಥಾಮಸ್ ಹಕ್ಸ್‌ಲಿ 1893ರಲ್ಲೇ ಹೇಳಿದ್ದ, ಸಮಾಜದ ನೀತಿ ಇರುವುದು ಪ್ರಕೃತಿಯ ದಾರಿ ಹಿಡಿಯಲು ಅಲ್ಲ, ಅದರ ವಿರುದ್ಧ ಹೋರಾಡಲು ಅಂತ. ರಷ್ಯಾದ ಕ್ರೊಪೊಟ್ಕಿನ್‌ಗೆ ಹಕ್ಸ್‌ಲಿಯ ಇಂಥ ಮಾತು ಕೇಳಿ ಸಿಟ್ಟು ಬಂದಿತ್ತು. ಸೈಬೀರಿಯಾದ ಹಿಮದಲ್ಲಿ ನಾನು ಕಂಡದ್ದು ಒಂದಕ್ಕೊಂದು ನೆರವಾಗುವ ಪ್ರಾಣಿಗಳನ್ನು ಅಂತ ವಾದಿಸಿ, ಆ ಲೇಖನಗಳನ್ನೆಲ್ಲ 1902ರಲ್ಲಿ ಪುಸ್ತಕ ಮಾಡಿದ. ನನಗೆ ಇಬ್ಬರೂ ಅರ್ಧ ಸರಿ ಅನ್ನಿಸುತ್ತದೆ. ಪರೀಕ್ಷೆಯಲ್ಲಿ ಹಾಗೆ ಬರೆದು ಅರ್ಧ ಮಾರ್ಕ್ಸೇ ಸಿಕ್ಕಿತ್ತು.

ಕೋಟೆ ಬಾಗಿಲು:
ಓಬವ್ವ ಒನಕೆ ಹಿಡಿದು ಕಿಂಡಿ ಹತ್ತಿರ ನಿಂತಾಗ ಯಾವ ಜೀನ್ ಲೆಕ್ಕ ಹಾಕಿದ್ದಳು? ಉತ್ತರ ಕೊಡಿ.

ದುರ್ಗದ ಕಲ್ಲು:
ಓಬವ್ವ ಬಂದೇ ಬರುತ್ತಾಳೆ ಅಂತ ಕಾಯುತ್ತಿದ್ದೆ. ನಾನೂ ದುರ್ಗದವನೇ, ಆದರೂ ಪ್ರತಿ ಥ್ರೆಡ್‌ಗೂ ಅವಳನ್ನು ಎಳೆಯುತ್ತೀರಲ್ಲ ಮಾರಾಯರೇ.

ಲೆಕ್ಕದ ಹುಡುಗಿ:
ಕಿಂಡಿ ಪ್ರಶ್ನೆ ಬಿಡಬೇಡಿ, ಅದರಲ್ಲಿ ವಿಷಯ ಇದೆ. ತನ್ನ ಗುಂಪಿಗಾಗಿ ಪ್ರಾಣ ಕೊಡುವ ಗುಣ ಮತ್ತು ಹೊರಗಿನವರ ಮೇಲೆ ದ್ವೇಷ, ಎರಡೂ ಜೊತೆಜೊತೆಗೇ ಬೆಳೆದಿರಬಹುದು ಅಂತ ಚೋಯ್ ಮತ್ತು ಬೌಲ್ಸ್ 2007ರಲ್ಲಿ ಕಂಪ್ಯೂಟರ್ ಮಾದರಿಯಲ್ಲಿ ತೋರಿಸಿದರು. ಒಂದೊಂದೇ ಇದ್ದರೆ ಎರಡೂ ನಷ್ಟದ ಗುಣವೇ. ಗುಂಪುಗಳ ನಡುವೆ ಕಾದಾಟ ಇದ್ದಾಗ ಮಾತ್ರ ಎರಡೂ ಸೇರಿ ಗೆಲ್ಲುತ್ತವೆ. ಡಾರ್ವಿನ್ ಕೂಡ 1871ರಲ್ಲಿ ಒಬ್ಬರಿಗೊಬ್ಬರು ಆಗುವವರು ಜಾಸ್ತಿ ಇರುವ ಬುಡಕಟ್ಟೇ ಗೆಲ್ಲುತ್ತದೆ ಅಂತ ಬರೆದಿದ್ದ.

ಓದಿದಾಗ ನನಗೆ ಭಯ ಆಯ್ತು. ನಮ್ಮವರಿಗೆ ಅನ್ನ ಕೊಡುವ ಕೈಯೇ ಹೊರಗಿನವರಿಗೆ ಕಲ್ಲು ಎತ್ತುತ್ತದೆ ಅಂತಾಯ್ತಲ್ಲ. ರಕ್ತದ ಬ್ಯಾಗ್ ವಿಷಯದಲ್ಲಿ ಖುಷಿ ಏನಂದ್ರೆ, ಕೊಡುವವರಿಗೆ ರೋಗಿಯ ಜಾತಿ ಗೊತ್ತಿರುವುದಿಲ್ಲ.

ನೈಟ್ ಡ್ಯೂಟಿ ಸಿಸ್ಟರ್:
ಕೇಳುವವರು ಇದ್ದಾರೆ. ‘ಯಾರ ರಕ್ತ’ ಅಂತ. ಬಿ ಪಾಸಿಟಿವ್ ಅಂತ ಹೇಳಿ ಕಳಿಸುತ್ತೇನೆ.

ಕೋಟೆ ಬಾಗಿಲು:
👏👏 ಸಿಸ್ಟರ್

ಪೆನ್ಷನ್ ತಾತ:
ಈ ಲೆಕ್ಕಗಳ ಕಥೆಯಲ್ಲಿ ಒಬ್ಬನನ್ನು ಎಲ್ಲರೂ ಬಿಟ್ಟಿರಿ. ಜಾರ್ಜ್ ಪ್ರೈಸ್. ಅಮೆರಿಕದವನು, 1967ರಲ್ಲಿ ಲಂಡನ್‌ಗೆ ಬಂದ. ಹ್ಯಾಮಿಲ್ಟನ್ ಬರೆದದ್ದು ಓದಿ ನಿದ್ದೆ ಕೆಟ್ಟಿತು ಅವನಿಗೆ. ಒಳ್ಳೆಯತನ ಇಷ್ಟೇನಾ ಅಂತ. ತಾನೇ ಕೂತು ಇನ್ನೂ ವಿಶಾಲವಾದ ಸಮೀಕರಣ ಬರೆದ, 1970ರಲ್ಲಿ ಅಚ್ಚಾಯಿತು. ನೆಂಟಸ್ತನದ ಲೆಕ್ಕ, ಗುಂಪಿನ ಲೆಕ್ಕ ಎರಡೂ ಅದರೊಳಗೆ ಕೂರುತ್ತವೆ. ಆಮೇಲೆ ಕ್ರೈಸ್ತ ಧರ್ಮಕ್ಕೆ ಬಂದ. ಬೀದಿಯಲ್ಲಿದ್ದ ಕುಡುಕರನ್ನು ಮನೆಗೆ ಕರೆತಂದು ಇಟ್ಟುಕೊಂಡ, ಇದ್ದದ್ದನ್ನೆಲ್ಲ ಹಂಚಿದ, ಕೊನೆಗೆ ಅವನಿಗೇ ಮನೆ ಇಲ್ಲದಾಯಿತು. 1975ರ ಜನವರಿಯಲ್ಲಿ ತಾನೇ ಪ್ರಾಣ ತೆಗೆದುಕೊಂಡ. ಅಂತ್ಯಕ್ರಿಯೆಗೆ ಹ್ಯಾಮಿಲ್ಟನ್ ಬಂದಿದ್ದ, ಇನ್ನೊಬ್ಬ ಜೀವವಿಜ್ಞಾನಿ ಮೇನಾರ್ಡ್ ಸ್ಮಿತ್ ಬಂದಿದ್ದ, ಜೊತೆಗೆ ಅವನು ಸಾಕಿದ್ದ ಬೀದಿಯವರು ಕೆಲವರು.

ಮಾರಿಕಣಿವೆ ಮೇಷ್ಟ್ರು:
ತಾತ, ಈ ಕಥೆ ನಾನೂ ಕ್ಲಾಸಿನಲ್ಲಿ ಹೇಳುತ್ತಿದ್ದೆ, ಈಗ ಬಿಟ್ಟಿದ್ದೇನೆ. ಮಕ್ಕಳು ‘ಲೆಕ್ಕ ಗೊತ್ತಾಗಿ ಹುಚ್ಚು ಹಿಡಿಯಿತು’ ಅಂತ ಬರೆದುಕೊಳ್ಳುತ್ತಾರೆ. ಆ ಮನುಷ್ಯನಿಗೆ ಮೈಯೂ ಸರಿ ಇರಲಿಲ್ಲ, ಮನಸ್ಸೂ ಸರಿ ಇರಲಿಲ್ಲ. ಥೈರಾಯ್ಡ್ ಮಾತ್ರೆ ಬಿಟ್ಟಿದ್ದ. ಒಂದು ಸಮೀಕರಣದ ತಲೆಗೆ ಅವನ ಸಾವು ಕಟ್ಟುವುದು ಬೇಡ ಅನ್ನಿಸುತ್ತದೆ.

ಪೆನ್ಷನ್ ತಾತ:
ಕಟ್ಟಲಿಲ್ಲಪ್ಪ. ನೆನಪಾಯಿತು, ಹೇಳಿದೆ.

ಮಲೇಬೆನ್ನೂರು ಟೈಲ್ ಎಂಡ್:
ಇಲ್ಲಿ ಎಲ್ಲರೂ ಮನುಷ್ಯ ಒಳ್ಳೆಯವನು ಅಂತ ಸಿದ್ಧ ಮಾಡುತ್ತಿದ್ದೀರಿ. ಭದ್ರಾ ನಾಲೆಗೆ ಬನ್ನಿ. ಮೇಲಿನವರು ನಾಲೆಗೇ ಪಂಪ್‌ಸೆಟ್ ಇಟ್ಟು ಎತ್ತುತ್ತಾರೆ. ನಮ್ಮ ಕೊನೆ ಭಾಗಕ್ಕೆ ಬರುವ ಹೊತ್ತಿಗೆ ನಾಲೆಯಲ್ಲಿ ಕೆಸರು. ಅವರೂ ರಕ್ತ ಕೊಡುವವರೇ, ದಾಸೋಹಕ್ಕೆ ಅಕ್ಕಿ ಕೊಡುವವರೇ.

ಚನ್ನಗಿರಿ ಅಡಿಕೆ:
ಮೇಲಿನವರು ಅಂದ್ರೆ ಎಲ್ಲರೂ ಕಳ್ಳರಾ? ನಮ್ಮಲ್ಲೂ ತೋಟ ಒಣಗಿದೆ. ನಮ್ಮ ಸೂಳೆಕೆರೆ ನೋಡಿ, ಅಷ್ಟು ದೊಡ್ಡ ಕೆರೆ ಶತಮಾನಗಳಿಂದ ಊರುಗಳೇ ನೋಡಿಕೊಂಡು ಬಂದವು. ನೀರುಗಂಟಿ ಇರುತ್ತಿದ್ದ. ಯಾವ ತೂಬು ಯಾವಾಗ ಎತ್ತಬೇಕು ಅವನಿಗೆ ಗೊತ್ತು. ಕದ್ದು ನೀರು ತಿರುಗಿಸಿದವನು ಯಾರು ಅಂತಲೂ ಗೊತ್ತು. ಅವನಿಗೆ ಸಂಬಳ ಸರ್ಕಾರದ್ದಲ್ಲ, ಕಣದಲ್ಲಿ ರಾಶಿ ಮಾಡಿದಾಗ ಎಲ್ಲರೂ ಕಾಳು ಅಳೆಯುತ್ತಿದ್ದರು. ಎಲ್ಲರ ಕಾಳು ತಿನ್ನುವವನು ಒಬ್ಬನ ಪರ ಹೇಗೆ ಹೋಗುತ್ತಾನೆ?

ಲೆಕ್ಕದ ಹುಡುಗಿ:
ಅಡಿಕೆ ಅಣ್ಣ ಹೇಳಿದ್ದಕ್ಕೆ ಹತ್ತಿರದ ಮಾತಿಗೇ ಎಲಿನಾರ್ ಓಸ್ಟ್ರಮ್‌ಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನೇಪಾಳದಲ್ಲಿ ರೈತರೇ ನಡೆಸುವ ಕಾಲುವೆಗಳು ಸರ್ಕಾರ ನಡೆಸುವ ಕಾಲುವೆಗಳಿಗಿಂತ ಕೊನೆ ಭಾಗಕ್ಕೆ ಚೆನ್ನಾಗಿ ನೀರು ಮುಟ್ಟಿಸುತ್ತಿದ್ದವು ಅಂತ ಅವಳ ತಂಡ ತೋರಿಸಿತು. ಕಾವಲಿನವನು ಬಳಸುವವರಿಗೇ ಉತ್ತರ ಹೇಳಬೇಕು, ಮೊದಲ ತಪ್ಪಿಗೆ ಸಣ್ಣ ದಂಡ, ಮತ್ತೆ ಮಾಡಿದರೆ ದೊಡ್ಡದು. ಬರೀ ಒಳ್ಳೆಯ ಮನಸ್ಸು ಸಾಲುವುದಿಲ್ಲ. ಜ್ಯೂರಿಕ್‌ನಲ್ಲಿ ಫೆಹ್ರ್ ಮತ್ತು ಗೆಕ್ಟರ್ 2002ರಲ್ಲಿ ದುಡ್ಡಿನ ಆಟ (ಎಲ್ಲರೂ ಒಂದು ಡಬ್ಬಿಗೆ ದುಡ್ಡು ಹಾಕಿ, ಬೆಳೆದದ್ದನ್ನು ಸಮವಾಗಿ ಹಂಚಿಕೊಳ್ಳುವುದು) ಆಡಿಸಿದಾಗಲೂ ಹೀಗೇ ಆಯಿತು. ದಂಡ ಹಾಕುವ ಅವಕಾಶ ಇಲ್ಲದಿದ್ದಾಗ ಎಲ್ಲರ ಪಾಲಿಗೆ ಹಾಕುವ ದುಡ್ಡು ಸುತ್ತಿನಿಂದ ಸುತ್ತಿಗೆ ಇಳಿಯುತ್ತಾ ಹೋಯಿತು. ಅವಕಾಶ ಕೊಟ್ಟ ಕೂಡಲೇ ಏರಿತು. ಜನ ಸ್ವಂತ ದುಡ್ಡು ಕಳೆದುಕೊಂಡೂ ಮೋಸಗಾರರಿಗೆ ದಂಡ ಹಾಕಿದರು.

ಮಲೇಬೆನ್ನೂರು ಟೈಲ್ ಎಂಡ್:
ಜ್ಯೂರಿಕ್‌ನಲ್ಲಿ ಸರಿ. ನಮ್ಮಲ್ಲಿ ಒಬ್ಬ ಪಂಪ್‌ಸೆಟ್ ಮೇಲೆ ಅರ್ಜಿ ಕೊಟ್ಟ. ದಂಡ ಬಿದ್ದದ್ದು ಅವನಿಗೇ. ಮೇಲಿನ ಊರಲ್ಲಿ ಅವನಿಗೆ ಟ್ರ್ಯಾಕ್ಟರ್ ಬಾಡಿಗೆಗೆ ಸಿಗುವುದಿಲ್ಲ. ನೆಂಟರೂ ‘ನಿನಗ್ಯಾಕೆ ಬೇಕಿತ್ತು’ ಅಂದರು.

ಮಾರಿಕಣಿವೆ ಮೇಷ್ಟ್ರು:
ಇದೂ ಪ್ರಯೋಗದಲ್ಲಿ ಬಂದಿದೆ. ಅದೇ ಆಟವನ್ನು ಬೇರೆ ಬೇರೆ ದೇಶಗಳ 16 ಊರುಗಳಲ್ಲಿ ಆಡಿಸಿ 2008ರಲ್ಲಿ ಬರೆದರು. ಬಾಸ್ಟನ್, ಕೋಪನ್‌ಹೇಗನ್‌ನಲ್ಲಿ ಮೋಸ ಮಾಡಿದವರಿಗೆ ದಂಡ. ಅಥೆನ್ಸ್, ಮಸ್ಕತ್ ಕಡೆ ಜಾಸ್ತಿ ಕೊಟ್ಟವರಿಗೂ ದಂಡ ಬಿತ್ತು. ನಿಮ್ಮವನು ಒಬ್ಬನೇ ಅರ್ಜಿ ಕೊಟ್ಟ, ಅದಕ್ಕೆ ಅವನ ಮೇಲೆ ಬಿದ್ದರು. ಇಪ್ಪತ್ತು ಜನ ಸಹಿ ಹಾಕಿ ಕೊಟ್ಟರೆ ಇಪ್ಪತ್ತು ಜನಕ್ಕೂ ಟ್ರ್ಯಾಕ್ಟರ್ ನಿಲ್ಲಿಸಿದರೆ ಟ್ರ್ಯಾಕ್ಟರ್‌ನವನಿಗೇ ನಷ್ಟ.

ಚನ್ನಗಿರಿ ಅಡಿಕೆ:
ಅದು ಸರಿ. ಪಂಪ್‌ಸೆಟ್ ಇಡದ ಮೇಲಿನವರೂ ಇದ್ದೇವೆ, ನಮ್ಮನ್ನೂ ಕೇಳಿ ನೋಡಿ.

ಮಲೇಬೆನ್ನೂರು ಟೈಲ್ ಎಂಡ್:
ಕೇಳುತ್ತೇನೆ. ಮೊದಲ ಸಹಿ ನಿಮ್ಮದೇ ಇರಲಿ ಮೇಷ್ಟ್ರೇ?

ಮಾರಿಕಣಿವೆ ಮೇಷ್ಟ್ರು:
ನನ್ನದು ಹಿರಿಯೂರು. ವಾಣಿವಿಲಾಸ ಸಾಗರದ ನೀರಿನ ಜಗಳವೇ ನಮಗೆ ಬೇಕಾದಷ್ಟಿದೆ.